ಹಾಯುವ ಎತ್ತಿನ ಒಡೆಯ

ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿರುವ ಹತ್ತು ಕಟ್ಟಳೆಗಳನ್ನು ನಾವೆಲ್ಲರೂ ಬಲ್ಲೆವು. ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಅವನ್ನು ಕಂಠಪಾಠ ಮಾಡಿ ಒಪ್ಪಿಸಿದವರು ನಾವು. ಆದರೆ ಅದರ ಮುಂದಿನ ಅಧ್ಯಾಯವನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತೇವೆ. ಹೊಡೆದಾಟ, ಮುಚ್ಚದೆ ಬಿಟ್ಟ ಹೊಂಡ, ಎತ್ತು, ಕತ್ತೆ ಇವೆಲ್ಲ ಯಾವುದೋ ಹಳೆಯ ಕಾಲದ ಹಳ್ಳಿಯ ವ್ಯಾಜ್ಯಗಳಂತೆ ತೋರುತ್ತವೆ. ಅಲ್ಲಿ ಎತ್ತಿನ ಕುರಿತು ಒಂದು ನಿಯಮವಿದೆ. ಒಬ್ಬನ ಎತ್ತು ಯಾರನ್ನಾದರೂ ಹಾಯ್ದು ಕೊಂದರೆ ಎತ್ತನ್ನು ಕೊಲ್ಲಬೇಕು. ಒಡೆಯನ ಮೇಲೆ ದೋಷವಿಲ್ಲ. ಆದರೆ ಆ ಎತ್ತಿಗೆ ಹಾಯುವ ಚಾಳಿ ಮೊದಲಿನಿಂದಲೂ ಇದ್ದು, ಆ ಸಂಗತಿಯನ್ನು ಒಡೆಯನಿಗೆ ತಿಳಿಸಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ, ಸತ್ತವನ ಜೀವಕ್ಕೆ ಒಡೆಯನೇ ಹೊಣೆ.

ಎರಡು ಸಂದರ್ಭಗಳಲ್ಲಿಯೂ ಎತ್ತು ಅದೇ, ಕೊಂಬು ಅದೇ, ಸತ್ತವನ ಮನೆಯ ಗೋಳೂ ಅದೇ. ಬೇರೆಯಾಗಿರುವುದು ಒಡೆಯನ ತಿಳಿವು ಮಾತ್ರ. ಪಾಪನಿವೇದನೆಗೆ ಸಿದ್ಧರಾಗುವಾಗ ನಾವು ಬಳಸುವ ಅಳತೆಗೋಲೂ ಇದೇ ಅಲ್ಲವೇ? ಒಂದು ಕೃತ್ಯ ಮಾರಕ ಪಾಪವೆನಿಸಲು ವಿಷಯ ಗುರುತರವಾಗಿದ್ದರೆ ಸಾಲದು. ಮಾಡಿದವನಿಗೆ ಪೂರ್ಣ ಅರಿವಿರಬೇಕು, ಪೂರ್ಣ ಸಮ್ಮತಿಯಿರಬೇಕು. ಅರಿವೂ ಕೈಯೂ ಒಂದೇ ದೇಹದಲ್ಲಿದ್ದಾಗ ಈ ಅಳತೆ ಸುಲಭ. ಆದರೆ ಕೃತ್ಯ ಎಸಗಿದ ಕೈಗೆ ಏನೂ ತಿಳಿದಿರಲಿಲ್ಲ, ತಿಳಿದಿದ್ದವರು ಸಾವಿರಾರು ಮೈಲು ದೂರದ ಕಚೇರಿಯಲ್ಲಿದ್ದರು ಎಂದಾದರೆ ಏನು ಮಾಡುವುದು? ಖಿನ್ನತೆ ನಿವಾರಕ ಮಾತ್ರೆಗಳಿಂದ ತಮ್ಮವರನ್ನು ಕಳೆದುಕೊಂಡೆವೆಂದು ನಂಬಿ ನ್ಯಾಯಾಲಯದ ಬಾಗಿಲು ತಟ್ಟಿದ ಅಮೆರಿಕದ ಕೆಲವು ಕುಟುಂಬಗಳ ಕಥೆ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಅವರ ಕಥೆ ನಮಗೇಕೆ ಎನ್ನಬೇಡಿ. ಅದೇ ಮಾತ್ರೆಗಳು ನಮ್ಮ ಊರಿನ ಔಷಧಿ ಅಂಗಡಿಯಲ್ಲೂ ಇವೆ.

1998ರ ಫೆಬ್ರವರಿ ತಿಂಗಳು. ವಯೋಮಿಂಗ್ ರಾಜ್ಯದ ಜಿಲೆಟ್ ಎಂಬ ಊರಿನಲ್ಲಿ ಅರುವತ್ತು ವರ್ಷದ ಒಬ್ಬ ಗೃಹಸ್ಥರು ನಿದ್ರೆ ಬಾರದೆ, ಮನಸ್ಸು ಕುಗ್ಗಿ ವೈದ್ಯರ ಬಳಿಗೆ ಹೋದರು. ವೈದ್ಯರು ಪ್ಯಾಕ್ಸಿಲ್ ಎಂಬ ಮಾತ್ರೆ ಕೊಟ್ಟರು. ಪ್ಯಾರೋಕ್ಸೆಟಿನ್ ಎಂಬುದು ಅದರೊಳಗಿನ ಔಷಧದ ಹೆಸರು. ಸುಮಾರು ಎಂಟು ವರ್ಷಗಳ ಹಿಂದೆ ಇದೇ ಬಗೆಯ ಮತ್ತೊಂದು ಮಾತ್ರೆ ಅವರ ಮೈಗೆ ಒಗ್ಗಿರಲಿಲ್ಲ. ಆ ವಿಷಯ ಈ ವೈದ್ಯರಿಗೆ ಗೊತ್ತಿರಲಿಲ್ಲ. ಮಾತ್ರೆ ಆರಂಭಿಸಿ ಎರಡು ದಿನ ಕಳೆಯುವಷ್ಟರಲ್ಲಿ ಅವರು ತಮ್ಮ ಪತ್ನಿಯನ್ನು, ತವರಿಗೆ ಬಂದಿದ್ದ ಮಗಳನ್ನು, ಒಂಬತ್ತು ತಿಂಗಳ ಮೊಮ್ಮಗಳನ್ನು ಕೊಂದು, ತಮ್ಮ ಪ್ರಾಣವನ್ನೂ ಕಳೆದುಕೊಂಡರು. ಹೆಂಡತಿ ಮತ್ತು ಮಗು ಇಬ್ಬರನ್ನೂ ಕಳೆದುಕೊಂಡ ಅಳಿಯ ತನ್ನ ಮಾವನನ್ನು ದ್ವೇಷಿಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ತನ್ನ ಮಾವ ಅಂಥ ಮನುಷ್ಯನಲ್ಲವೆಂದು ನಂಬಿ, ಉಳಿದ ಬಂಧುಗಳೊಡನೆ ಸೇರಿ ಔಷಧ ತಯಾರಿಸಿದ ಕಂಪನಿಯ ಮೇಲೆ ದಾವೆ ಹೂಡಿದನು.

2001ರ ಜೂನ್ ತಿಂಗಳಲ್ಲಿ ಷಯಾನ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ಒಟ್ಟು ಪರಿಹಾರ 80 ಲಕ್ಷ ಡಾಲರ್. ನಡೆದ ದುರಂತದ ಹೊಣೆಯಲ್ಲಿ ಶೇಕಡಾ 80 ಕಂಪನಿಯದು, ಶೇಕಡಾ 20 ಸತ್ತ ಗೃಹಸ್ಥನದು. ಹಾಗಾಗಿ ಕಂಪನಿ ತೆರಬೇಕಾದ ಪಾಲು 64 ಲಕ್ಷ ಡಾಲರ್.

ಎಂಬತ್ತು, ಇಪ್ಪತ್ತು! ತಕ್ಕಡಿಯಲ್ಲಿ ಅಕ್ಕಿ ತೂಗಿದಂತೆ ಪಾಪವನ್ನು ತೂಗಲು ಸಾಧ್ಯವೇ ಎಂದು ನಿಮಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಆದರೆ ಯೋಚಿಸುತ್ತಾ ಹೋದಂತೆ ಆ ಜ್ಯೂರಿಯಲ್ಲಿ ಕುಳಿತ ಸಾಮಾನ್ಯ ಜನರು ನಮ್ಮ ಹಳೆಯ ಅಳತೆಗೋಲನ್ನೇ ಹಿಡಿದಿದ್ದರೆಂದು ತೋರುತ್ತದೆ. ಕೈ ಆ ಮನುಷ್ಯನದೇ. ಅದನ್ನು ಪೂರ್ತಿ ಅಳಿಸಿಹಾಕಲು ಅವರಿಗೆ ಮನಸ್ಸಾಗಲಿಲ್ಲ. ಅರಿವು ಮಾತ್ರ ಅವನದಾಗಿರಲಿಲ್ಲ. ಕಂಪನಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಹಿಂದೆಯೇ ನಡೆಸಿದ್ದ ಪರೀಕ್ಷೆಗಳ ಕಡತಗಳನ್ನು ನೋಡಲು ವೇಲ್ಸಿನಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯ ಡೇವಿಡ್ ಹೀಲಿಯವರಿಗೆ ಅನುಮತಿ ದೊರೆತಿತ್ತು. ಯಾವ ಮನೋರೋಗವೂ ಇಲ್ಲದವರಲ್ಲಿ ಕೂಡ ಕೆಲವರಿಗೆ ಮಾತ್ರೆಯಿಂದ ತೀವ್ರ ತಳಮಳ ಉಂಟಾಗಿತ್ತೆಂದು ಅವರು ಸಾಕ್ಷ್ಯ ನುಡಿದರು. ಎತ್ತಿಗೆ ಹಾಯುವ ಚಾಳಿ ಇತ್ತು, ಒಡೆಯನ ಮನೆಯ ಕಡತದಲ್ಲಿ ಅದು ಬರೆದಿತ್ತು ಎಂಬುದೇ ಆ ಸಾಕ್ಷ್ಯದ ಸಾರ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆಗಳನ್ನು ಸೇವಿಸುತ್ತಿದ್ದರೆ ಈ ಲೇಖನ ಓದಿ ಅವುಗಳನ್ನು ಬಿಸಾಡಬೇಡಿ. ಥಟ್ಟನೆ ನಿಲ್ಲಿಸುವುದೇ ಅಪಾಯಕಾರಿ. ತಲೆಸುತ್ತು, ಕಳವಳ, ನಿದ್ರಾಹೀನತೆಗಳು ಮುತ್ತಿಕೊಳ್ಳುತ್ತವೆ, ಕಾಯಿಲೆಯೂ ಮರುಕಳಿಸಬಹುದು. ನಿಲ್ಲಿಸಬೇಕಾದರೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಬೇಕು. ಇವುಗಳಿಂದ ಬದುಕು ಮರಳಿ ಪಡೆದವರು ಅಸಂಖ್ಯ. 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದು 522 ಪರೀಕ್ಷೆಗಳನ್ನೂ 1,16,477 ರೋಗಿಗಳ ವಿವರಗಳನ್ನೂ ಒಟ್ಟುಗೂಡಿಸಿ, ವಯಸ್ಕರ ತೀವ್ರ ಖಿನ್ನತೆಯಲ್ಲಿ ತಾನು ಪರಿಶೀಲಿಸಿದ 21 ಔಷಧಗಳೂ ಹುಸಿ ಮಾತ್ರೆಗಿಂತ ಹೆಚ್ಚು ಫಲಕಾರಿ ಎಂದು ಕಂಡುಕೊಂಡಿತು. ಎತ್ತು ಹೊಲ ಉಳುತ್ತದೆ ಎಂಬುದು ನಿಜ. ಉಳುವ ಎತ್ತು ಹಾಯುವುದೂ ಉಂಟೆಂಬುದು ಅಷ್ಟೇ ನಿಜ.

ಹಾಯುವುದು ಹೇಗೆ? ಈ ಔಷಧಗಳನ್ನು ಆರಂಭಿಸಿದಾಗ ಅಥವಾ ಪ್ರಮಾಣ ಬದಲಿಸಿದಾಗ ಕೆಲವರಲ್ಲಿ ಒಂದು ವಿಚಿತ್ರ ಒಳತಳಮಳ ಹುಟ್ಟುತ್ತದೆ. ವೈದ್ಯರು ಅದನ್ನು ಅಕಥೀಸಿಯಾ ಎನ್ನುತ್ತಾರೆ; ಕುಳಿತಲ್ಲಿ ಕುಳಿತಿರಲಾಗದು ಎಂಬುದು ಆ ಗ್ರೀಕ್ ಮೂಲದ ಪದದ ಅರ್ಥ. ನಿಂತರೆ ಕೂರಬೇಕೆನಿಸುತ್ತದೆ, ಕೂತರೆ ಏಳಬೇಕೆನಿಸುತ್ತದೆ, ಚರ್ಮದಿಂದಲೇ ಹೊರಬಂದುಬಿಡೋಣವೆನಿಸುತ್ತದೆ. ನೋಡುವವರಿಗೆ ಇದು ಕಾಯಿಲೆಯೇ ಉಲ್ಬಣಿಸಿದಂತೆ ಕಾಣುತ್ತದೆ. ಆಗ ಮನೆಯವರು ಏನು ಮಾಡುತ್ತಾರೆ? ಮಾತ್ರೆಯನ್ನು ತಪ್ಪದೆ ಕೊಡುತ್ತಾರೆ. ಈ ವಿಷಯದ ಕ್ರೌರ್ಯ ಇರುವುದು ಇಲ್ಲಿಯೇ. ಎಚ್ಚರಿಕೆ ತಲುಪದ ಮನೆಯಲ್ಲಿ ಪ್ರೀತಿಯೇ ತಪ್ಪು ದಾರಿಗೆ ಬೀಳುತ್ತದೆ.

ಎಚ್ಚರಿಕೆ ಯಾರ ಬಳಿ ಇತ್ತು, ಎಷ್ಟು ಕಾಲ ಇತ್ತು ಎಂಬುದು ತಿಳಿದುಬಂದದ್ದು ಬಹುಮಟ್ಟಿಗೆ ದಾವೆಗಳಿಂದಲೂ ಕುಟುಂಬಗಳ ಹಠದಿಂದಲೂ. 2003ರ ಜೂನ್‌ನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಹದಿನೆಂಟು ತುಂಬದವರ ಖಿನ್ನತೆಗೆ ಪ್ಯಾರೋಕ್ಸೆಟಿನ್ ಕೊಡಬಾರದೆಂದು ವೈದ್ಯರಿಗೆ ತಿಳಿಸಿತು. 2004ರ ಫೆಬ್ರವರಿ 2ರಂದು ವಾಷಿಂಗ್ಟನ್ ಬಳಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹಾ ಸಮಿತಿ ಸಭೆ ಸೇರಿದಾಗ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ಒಬ್ಬರಾದ ಮೇಲೊಬ್ಬರು ಧ್ವನಿವರ್ಧಕದ ಮುಂದೆ ನಿಂತು, ತಮಗೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ಮಾತನಾಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಆಡಳಿತವು ಎಲ್ಲ ಖಿನ್ನತೆ ನಿವಾರಕಗಳ ವಿವರಪತ್ರದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸಬೇಕೆಂದು ಆದೇಶಿಸಿತು. 24 ಪರೀಕ್ಷೆಗಳಲ್ಲಿ ಭಾಗವಹಿಸಿದ್ದ 4,400ಕ್ಕೂ ಹೆಚ್ಚು ಮಕ್ಕಳ ಮತ್ತು ಹದಿಹರೆಯದವರ ವಿವರಗಳನ್ನು ಕೂಡಿಸಿ ನೋಡಿದಾಗ, ಆತ್ಮಹತ್ಯೆಯ ಆಲೋಚನೆ ಅಥವಾ ವರ್ತನೆ ಹುಸಿ ಮಾತ್ರೆ ಪಡೆದವರಲ್ಲಿ ಶೇಕಡಾ 2, ಔಷಧ ಪಡೆದವರಲ್ಲಿ ಶೇಕಡಾ 4 ಎಂದು ಕಂಡಿತ್ತು. ಆ ಪರೀಕ್ಷೆಗಳಲ್ಲಿ ಯಾವ ಮಗುವೂ ಸಾಯಲಿಲ್ಲ ಎಂಬುದನ್ನೂ ಹೇಳಲೇಬೇಕು. 2007ರಲ್ಲಿ ಆ ಎಚ್ಚರಿಕೆಯನ್ನು 24 ವರ್ಷದವರೆಗಿನ ತರುಣರಿಗೂ ವಿಸ್ತರಿಸಲಾಯಿತು.

2004ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಅವರು ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿಯ ಮೇಲೆ ದಾವೆ ಹೂಡಿದರು. ಮಕ್ಕಳ ಮೇಲೆ ಪ್ಯಾಕ್ಸಿಲ್ ನಡೆಸಿದ ಪರೀಕ್ಷೆಗಳಲ್ಲಿ ಪ್ರತಿಕೂಲವಾದವುಗಳನ್ನು ಬಚ್ಚಿಟ್ಟು ಅನುಕೂಲವಾದುದನ್ನು ಮಾತ್ರ ವೈದ್ಯರ ಮುಂದಿಟ್ಟರು ಎಂಬುದು ಆರೋಪ. ಎರಡೇ ತಿಂಗಳಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ 25 ಲಕ್ಷ ಡಾಲರ್ ಕೊಟ್ಟು, ಮುಂದೆ ಪರೀಕ್ಷೆಗಳ ಫಲಿತಾಂಶಗಳನ್ನು ಬಹಿರಂಗಪಡಿಸುವುದಾಗಿ ಒಪ್ಪಿತು. 2012ರಲ್ಲಿ ಅದೇ ಕಂಪನಿ ಹಲವು ಔಷಧಗಳ ವಿಷಯದಲ್ಲಿ ಅಮೆರಿಕ ಸರ್ಕಾರದೊಂದಿಗೆ 300 ಕೋಟಿ ಡಾಲರ್‌ಗಳ ಇತ್ಯರ್ಥಕ್ಕೆ ಬಂದಾಗ, ಮಕ್ಕಳಿಗೆ ಅನುಮತಿಯಿಲ್ಲದ ಪ್ಯಾಕ್ಸಿಲ್ ಅನ್ನು ಮಕ್ಕಳಿಗಾಗಿ ಪ್ರಚಾರ ಮಾಡಿದ ತಪ್ಪನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ನಿಯಂತ್ರಣ ಸಂಸ್ಥೆ ಸುಮಾರು ನಾಲ್ಕು ವರ್ಷ ತನಿಖೆ ನಡೆಸಿ, ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಓದಿ, 2008ರಲ್ಲಿ ಮೊಕದ್ದಮೆ ಹೂಡುವಂತಿಲ್ಲವೆಂದು ಪ್ರಕಟಿಸಿತು. ಅಂಥ ಮಾಹಿತಿಯನ್ನು ಕೂಡಲೇ ಒಪ್ಪಿಸಬೇಕೆಂದು ಆಗಿನ ಕಾನೂನು ಸ್ಪಷ್ಟವಾಗಿ ವಿಧಿಸಿರಲಿಲ್ಲವಂತೆ. ಮೋಶೆಯ ಕಾಲದ ಕುರಿಗಾಹಿಗಳಿಗೆ ಹೊಳೆದದ್ದು ಇಪ್ಪತ್ತನೆಯ ಶತಮಾನದ ಶಾಸನಕಾರರಿಗೆ ಹೊಳೆಯದೆ ಹೋಯಿತೇ ಎಂದು ಕೇಳಿದರೆ ಅತಿಯಾಗದು.

ಕಂಪನಿಗಳ ಪರವಾಗಿ ಹೇಳಬಹುದಾದ ಒಂದು ಮಾತು ಬಲವಾದುದೇ ಆಗಿದೆ. ಖಿನ್ನತೆಯೇ ಮನುಷ್ಯನನ್ನು ಸಾವಿನತ್ತ ಎಳೆಯುವ ಕಾಯಿಲೆ. ಸತ್ತವನೊಬ್ಬನನ್ನು ಎಳೆದದ್ದು ಕಾಯಿಲೆಯೋ ಮಾತ್ರೆಯೋ ಎಂದು ಯಾರು ಹೇಳಬಲ್ಲರು? ನಿಜ, ಸಂಖ್ಯೆಗಳು ಸಮೂಹದ ಕುರಿತು ಮಾತಾಡುತ್ತವೆ, ನಮ್ಮ ಮನೆಯ ಒಬ್ಬನ ಕುರಿತು ಅಲ್ಲ. ಆ ಸಂಶಯದ ಪ್ರಯೋಜನ ಯಾರಿಗೆ ಸಿಗಬೇಕು ಎಂಬುದು ಮಾತ್ರ ಸಂಖ್ಯೆಗಳ ಪ್ರಶ್ನೆಯಲ್ಲ. ಸಂಶಯವನ್ನು ಪರಿಹರಿಸಬಲ್ಲ ಕಾಗದಗಳು ಒಬ್ಬರ ಬೀರುವಿನಲ್ಲಿದ್ದು, ಶವಪೆಟ್ಟಿಗೆ ಮತ್ತೊಬ್ಬರ ಮನೆಯಲ್ಲಿದ್ದಾಗ, ಇಬ್ಬರನ್ನೂ ಸಮಾನರೆಂದು ಭಾವಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಾಗದ ಬೀರುವಿನಿಂದ ಹೊರಬಂದರೂ ನ್ಯಾಯ ದೊರೆಯುತ್ತದೆ ಎನ್ನುವಂತಿಲ್ಲ. 2006ರ ಮೇ ತಿಂಗಳಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ ತಾನೇ ವೈದ್ಯರಿಗೆ ಪತ್ರ ಬರೆಯಿತು. ತೀವ್ರ ಖಿನ್ನತೆಯ ವಯಸ್ಕರಲ್ಲಿ ಪ್ಯಾರೋಕ್ಸೆಟಿನ್ ಪಡೆದ 3,455 ಮಂದಿಯಲ್ಲಿ 11 ಆತ್ಮಹತ್ಯಾ ಯತ್ನಗಳು, ಹುಸಿ ಮಾತ್ರೆ ಪಡೆದ 1,978 ಮಂದಿಯಲ್ಲಿ ಒಂದು. ಯಾವ ಯತ್ನವೂ ಸಾವಿನಲ್ಲಿ ಮುಗಿಯಲಿಲ್ಲ; ಹೆಚ್ಚಿನವು ಮೂವತ್ತು ದಾಟದವರಲ್ಲಿ. ಈ ಮಾತು ವಿವರಪತ್ರದಲ್ಲೂ ಸೇರಿತು. ಮರುವರ್ಷ ಸರ್ಕಾರದ ಔಷಧ ಆಡಳಿತವು ಈ ಬಗೆಯ ಎಲ್ಲ ಔಷಧಗಳಿಗೂ ಒಂದೇ ಒಕ್ಕಣೆಯ ಎಚ್ಚರಿಕೆ ಇರಲಿ ಎಂದು ನಿರ್ಧರಿಸಿದಾಗ, ಪ್ಯಾರೋಕ್ಸೆಟಿನ್‌ನ ಆ ವಿಶೇಷ ಮಾತು ಬಿಟ್ಟುಹೋಯಿತು. 2010ರ ಜುಲೈನಲ್ಲಿ ಚಿಕಾಗೋ ನಗರದ 57 ವರ್ಷದ ವಕೀಲರೊಬ್ಬರು ಈ ಔಷಧ ಆರಂಭಿಸಿದ ಕೆಲವೇ ದಿನಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ವಿಧವೆ ದಾವೆ ಹೂಡಿದರು. ಅವರು ನುಂಗಿದ್ದು ಮತ್ತೊಂದು ಕಂಪನಿ ತಯಾರಿಸಿದ ಅಗ್ಗದ ಜೆನೆರಿಕ್ ಮಾತ್ರೆ. ಮೂಲ ಕಂಪನಿಯ ವಿವರಪತ್ರವನ್ನೇ ಅಕ್ಷರಶಃ ನಕಲು ಮಾಡಬೇಕಾದ ಜೆನೆರಿಕ್ ಕಂಪನಿಯನ್ನು, ಎಚ್ಚರಿಕೆ ಸಾಲದೆಂಬ ಕಾರಣಕ್ಕೆ ಹೊಣೆ ಮಾಡುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತಿತು. ಹಾಗಾಗಿ ವಿಧವೆಯ ವಾದ ವಿವರಪತ್ರ ಬರೆದ ಮೂಲ ಕಂಪನಿಯ ಮೇಲೆ ನಿಂತಿತು. 2017ರ ಏಪ್ರಿಲ್‌ನಲ್ಲಿ ಜ್ಯೂರಿ ಅವರ ಪರವಾಗಿ 30 ಲಕ್ಷ ಡಾಲರ್ ಪರಿಹಾರ ಘೋಷಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಆ ಎಚ್ಚರಿಕೆಯನ್ನು ಉಳಿಸಿಕೊಳ್ಳಲು ಕಂಪನಿ ಕೇಳಿಕೊಂಡಿದ್ದರೂ ಸರ್ಕಾರದ ಆಡಳಿತವೇ ಒಪ್ಪಿರಲಿಲ್ಲ, ಆದ್ದರಿಂದ ಕಂಪನಿಯನ್ನು ಹಿಡಿಯುವಂತಿಲ್ಲ ಎಂಬುದು ಅದರ ತರ್ಕ. 2019ರಲ್ಲಿ ಸುಪ್ರೀಂ ಕೋರ್ಟ್ ವಿಧವೆಯ ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಗಮನಿಸಿ: ಔಷಧ ನಿರ್ದೋಷಿ ಎಂದು ಆ ಮೇಲ್ಮನವಿ ನ್ಯಾಯಾಲಯ ಹೇಳಲಿಲ್ಲ. ಮಾತ್ರೆ ಮಾಡಿದವರು ವಿವರಪತ್ರ ಬರೆದವರಲ್ಲ. ಬರೆದವರು ಸರ್ಕಾರದತ್ತ ಬೆರಳು ತೋರಿಸಿದರು. ಸರ್ಕಾರದ ಆಡಳಿತ ಆ ನ್ಯಾಯಾಲಯದಲ್ಲಿ ಪ್ರತಿವಾದಿಯೇ ಆಗಿರಲಿಲ್ಲ. ಎಲ್ಲರಿಗೂ ತಿಳಿದಿತ್ತು, ಹೊಣೆ ಮಾತ್ರ ಯಾರದೂ ಅಲ್ಲ. ಎತ್ತಿಗೆ ಒಬ್ಬನೇ ಒಡೆಯನಿದ್ದ ಕಾಲ ಹೋಯಿತೆಂದು ಕಾಣುತ್ತದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ ಪ್ರಕರಣಕ್ಕೆ ಬರುತ್ತೇನೆ. ಇದರಲ್ಲಿ ಪ್ರಶ್ನೆ ಕಂಪನಿಯತ್ತ ಮಾತ್ರವಲ್ಲ, ನೊಂದ ಕುಟುಂಬಗಳತ್ತಲೂ ತಿರುಗುತ್ತದೆ. 1989ರ ಸೆಪ್ಟೆಂಬರ್ 14ರಂದು ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಮುದ್ರಣಾಲಯವೊಂದಕ್ಕೆ, ಅನಾರೋಗ್ಯದಿಂದ ರಜೆಯಲ್ಲಿದ್ದ ಅದರ ನೌಕರನೊಬ್ಬ ಬಂದೂಕು ಹಿಡಿದು ನುಗ್ಗಿ, ಎಂಟು ಮಂದಿ ಸಹೋದ್ಯೋಗಿಗಳನ್ನು ಕೊಂದು, ಹನ್ನೆರಡು ಮಂದಿಯನ್ನು ಗಾಯಗೊಳಿಸಿ, ತಾನೂ ಸತ್ತನು. ಸುಮಾರು ಒಂದು ತಿಂಗಳಿಂದ ಅವನು ಪ್ರೋಜ್ಯಾಕ್ ಸೇವಿಸುತ್ತಿದ್ದನು. ಅವನಿಗೆ ಬಹಳ ವರ್ಷಗಳ ತೀವ್ರ ಮನೋರೋಗವಿತ್ತು, ಕೆಲಸದ ಸ್ಥಳದ ಮೇಲೆ ಕಡುದ್ವೇಷವಿತ್ತು ಎಂಬುದನ್ನೂ ಮರೆಯಬಾರದು. ಬದುಕುಳಿದವರೂ ಸತ್ತವರ ಮನೆಯವರೂ ಪ್ರೋಜ್ಯಾಕ್ ತಯಾರಕರಾದ ಎಲೈ ಲಿಲ್ಲಿ ಕಂಪನಿಯ ಮೇಲೆ ದಾವೆ ಹೂಡಿದರು. 1994ರಲ್ಲಿ ವಿಚಾರಣೆ ನಡೆಯಿತು.

ಆ ಕಂಪನಿಗೆ ಹಿಂದಿನ ಒಂದು ಕಳಂಕವಿತ್ತು. ಓರಾಫ್ಲೆಕ್ಸ್ ಎಂಬ ಸಂಧಿವಾತದ ಔಷಧದ ದುಷ್ಪರಿಣಾಮಗಳನ್ನು ಸರ್ಕಾರಕ್ಕೆ ವರದಿ ಮಾಡದಿದ್ದ ತಪ್ಪನ್ನು ಅದು 1985ರಲ್ಲಿ ಒಪ್ಪಿಕೊಂಡಿತ್ತು. ದುಷ್ಪರಿಣಾಮಗಳನ್ನು ವರದಿ ಮಾಡುವುದರಲ್ಲಿ ತಾನು ನಿಷ್ಠಾವಂತನೆಂದು ಕಂಪನಿ ಹೇಳಿಕೊಂಡಾಗ, ಆ ಹಳೆಯ ಸಂಗತಿಯನ್ನು ಜ್ಯೂರಿಯ ಮುಂದಿಡಲು ನ್ಯಾಯಾಧೀಶ ಜಾನ್ ಪಾಟರ್ ಅನುಮತಿ ಕೊಟ್ಟರು. ಆಶ್ಚರ್ಯವೆಂದರೆ, ಅನುಮತಿಗಾಗಿ ಹೋರಾಡಿದ ಕುಟುಂಬಗಳ ವಕೀಲರೇ ಅದನ್ನು ಮುಂದಿಡಲಿಲ್ಲ. ಜ್ಯೂರಿ ಒಂಬತ್ತಕ್ಕೆ ಮೂರರ ಬಹುಮತದಿಂದ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ತಮ್ಮ ಔಷಧ ನ್ಯಾಯಾಲಯದಲ್ಲಿ ಗೆದ್ದುಬಂದಿತೆಂದು ಕಂಪನಿ ಸಾರಿತು.

ನ್ಯಾಯಾಧೀಶರಿಗೆ ಮಾತ್ರ ಸಮಾಧಾನವಾಗಲಿಲ್ಲ. ಅವರು ಬೆನ್ನುಹತ್ತಿದರು. ವಿಚಾರಣೆ ನಡೆಯುತ್ತಿರುವಾಗಲೇ ಎರಡೂ ಪಕ್ಷಗಳು ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದವೆಂಬುದು ಹೊರಬಿತ್ತು. ಹಣ ಕೊಡಲಾಗುವುದು, ಆ ಸಾಕ್ಷ್ಯ ಬರಕೂಡದು, ತೀರ್ಪು ಏನಾದರೂ ಮೇಲ್ಮನವಿ ಹೋಗಕೂಡದು. ಜ್ಯೂರಿಯ ಮುಂದೆ ಉಳಿದದ್ದು ಬರಿಯ ನಾಟಕ. ದಾಖಲೆಯನ್ನು ತಿದ್ದಲು ನ್ಯಾಯಾಧೀಶರು ಹೊರಟಾಗ ಕಂಪನಿ ವಿರೋಧಿಸಿತು. 1996ರಲ್ಲಿ ಕೆಂಟಕಿಯ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗೆ ತನಿಖೆಯ ಅಧಿಕಾರವಿದೆಯೆಂದು ಹೇಳಿತು. 1997ರಲ್ಲಿ ದಾಖಲೆ ಬದಲಾಯಿತು: ಪ್ರಕರಣ ರಾಜಿಯಲ್ಲಿ ಮುಗಿದಿದೆ ಎಂದು. ಮೊತ್ತ ಮಾತ್ರ ಬಹುಕಾಲ ಗುಟ್ಟಾಗಿಯೇ ಉಳಿದು, ಸುಮಾರು 2 ಕೋಟಿ ಡಾಲರ್ ಎಂದು ಲೂಯಿವಿಲ್‌ನ ದಿನಪತ್ರಿಕೆ ವರದಿ ಮಾಡಿದ್ದು 2019ರಲ್ಲಿ.

ಆ ಕುಟುಂಬಗಳನ್ನು ದೂಷಿಸಲು ನನಗೆ ನಾಲಿಗೆ ಬರುವುದಿಲ್ಲ. ಐದು ವರ್ಷ ಕಾದ ವಿಧವೆಯರು, ಗುಂಡೇಟಿನಿಂದ ದುಡಿಮೆ ಕಳೆದುಕೊಂಡ ಗಂಡಸರು, ಮಕ್ಕಳ ಶಾಲೆಯ ಶುಲ್ಕ, ಮನೆಯ ಸಾಲ. ಸೋತರೆ ಬರಿಗೈ. ಅಂಥವರ ಮುಂದೆ ಹಣವಿಟ್ಟು, ಬಾಯಿ ಮುಚ್ಚಿದರೆ ಇದು ನಿಮ್ಮದು ಎಂದಾಗ ಬೇಡ ಎನ್ನಬಲ್ಲವರು ಎಷ್ಟು ಮಂದಿ? ನಮ್ಮಲ್ಲಿಯೂ ಅಪಘಾತದ ಪ್ರಕರಣಗಳಲ್ಲಿ ಊರಿನ ಹಿರಿಯರ ಮುಂದೆ ಕುಳಿತು ಮುಗಿಸಿಕೊಳ್ಳುವುದಿಲ್ಲವೇ? ರಾಜಿಯೆಂಬುದೇ ತಪ್ಪಲ್ಲ. ನಷ್ಟ ನನ್ನದು, ಆದ್ದರಿಂದ ಪರಿಹಾರ ಪಡೆದು ಮುಗಿಸುವ ಹಕ್ಕೂ ನನ್ನದು.

ಆದರೆ ಎಚ್ಚರಿಕೆ ನನ್ನದಲ್ಲ. ಅದು ಅದೇ ಮಾತ್ರೆಯನ್ನು ನಾಳೆ ನುಂಗಲಿರುವ ಅಪರಿಚಿತನದು. ನನ್ನ ನೋವನ್ನು ನಾನು ಇತ್ಯರ್ಥ ಮಾಡಿಕೊಳ್ಳಬಹುದು, ಅವನಿಗೆ ಸೇರಬೇಕಾದ ಮಾತನ್ನು ಮಾರಲು ನನಗೆ ಅಧಿಕಾರವೆಲ್ಲಿಂದ ಬಂತು? ಮೌನವನ್ನು ಕೊಂಡವರ ತಪ್ಪು ಮಾರಿದವರ ತಪ್ಪಿಗಿಂತ ಹತ್ತುಪಟ್ಟು ದೊಡ್ಡದು, ಏಕೆಂದರೆ ಅವರಿಗೆ ಹಸಿವಿರಲಿಲ್ಲ. ಇಷ್ಟಾದರೂ ಒಂದು ಸತ್ಯ ಉಳಿಯುತ್ತದೆ. ಎತ್ತು ಹಾಯುತ್ತದೆಂದು ಒಡೆಯನೊಬ್ಬನಿಗೇ ತಿಳಿದಿದ್ದ ಕಾಲ ಒಂದು. ಪಕ್ಕದ ಮನೆಯವನಿಗೂ ತಿಳಿದು, ಅವನೂ ಸುಮ್ಮನಾದ ಕಾಲ ಮತ್ತೊಂದು. ಆ ನ್ಯಾಯಾಲಯದಲ್ಲಿ ಮೂರನೆಯವನ ಪರವಾಗಿ ನಿಂತದ್ದು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ, ಪೀಠದಲ್ಲಿ ಕುಳಿತಿದ್ದ ನ್ಯಾಯಾಧೀಶರು. ಲೂಕನ ಶುಭಸಂದೇಶದ ಸಾಮತಿಯಲ್ಲಿ ವಿಧವೆ ಬೆಂಬಿಡದೆ ಕಾಡಿ ಅನ್ಯಾಯಗಾರ ನ್ಯಾಯಾಧೀಶನಿಂದ ನ್ಯಾಯ ಪಡೆಯುತ್ತಾಳೆ. ಇಲ್ಲಿ ವಿಧವೆಯರು ದಣಿದು ಮನೆಗೆ ಹೋದ ಮೇಲೂ ನ್ಯಾಯಾಧೀಶರೇ ಬಾಗಿಲು ತಟ್ಟುತ್ತ ನಿಂತರು.

ಆ ಸಾಮತಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕೋರ್ಟು ಮೆಟ್ಟಿಲು ಹತ್ತುವುದು ಕ್ರೈಸ್ತರ ಲಕ್ಷಣವಲ್ಲ, ಕ್ಷಮಿಸಿಬಿಡಬೇಕು, ಎಲ್ಲವೂ ದೇವರ ಚಿತ್ತ ಎಂದು ಶವಸಂಸ್ಕಾರಕ್ಕೆ ಬಂದವರು ಹೇಳುವುದುಂಟು. ಕೊರಿಂಥದ ಸಭೆಗೆ ಪೌಲರು ಬರೆದ ಬುದ್ಧಿಮಾತನ್ನು ಕೆಲವರು ನೆನಪಿಸುತ್ತಾರೆ. ಅದು ಸಹೋದರರ ನಡುವಿನ ಜಗಳದ ಮಾತು. ಔಷಧ ಕಂಪನಿ ನಮ್ಮ ಧರ್ಮಕೇಂದ್ರದ ಸದಸ್ಯನಲ್ಲ. ಕ್ಷಮೆಯ ವಿಷಯಕ್ಕೆ ಬಂದರೆ, ಏನು ನಡೆಯಿತೆಂದು ಗೊತ್ತಿಲ್ಲದೆ ಏನನ್ನು ಕ್ಷಮಿಸುವುದು? ಯಾರನ್ನು? ಸಾಮತಿಯ ವಿಧವೆಯನ್ನು ಸೇಡಿನವಳೆಂದು ಪ್ರಭು ಯೇಸು ಕರೆಯಲಿಲ್ಲ.

ಇದಕ್ಕಿಂತ ಒಳಗಿನ ಕಾರಣವೂ ಇದೆ. ಹೊಣೆ ಎಲ್ಲಿ ಸೇರಬೇಕೋ ಅಲ್ಲಿ ಸೇರದಿದ್ದರೆ ಅದು ಆವಿಯಾಗಿ ಹೋಗುವುದಿಲ್ಲ, ಮನೆಯೊಳಗೇ ಉಳಿಯುತ್ತದೆ. ದಿನವೂ ನೀರಿನ ಲೋಟದೊಂದಿಗೆ ಮಾತ್ರೆ ಕೊಟ್ಟ ತಾಯಿ ಅದನ್ನು ತನ್ನ ತಲೆಯ ಮೇಲೆ ಹೊರುತ್ತಾಳೆ. ಸೊಸೆ ಸರಿಯಿಲ್ಲ, ಅಪ್ಪ ಬೈದಿದ್ದರಂತೆ, ಪ್ರಾರ್ಥನೆ ಸಾಲದೆ ಹೋಯಿತು ಎಂದು ಬೀದಿ ಮಾತಾಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸತ್ತವನ ಮೇಲೆಯೇ ಅದು ಬೀಳುತ್ತದೆ. ಗಂಭೀರ ಮಾನಸಿಕ ಅಸ್ವಸ್ಥತೆ, ತೀವ್ರ ವೇದನೆಗಳು ಆತ್ಮಹತ್ಯೆ ಮಾಡಿಕೊಂಡವನ ಹೊಣೆಯನ್ನು ತಗ್ಗಿಸುತ್ತವೆಂದೂ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ 1992ರ ಕಥೋಲಿಕ ಧರ್ಮೋಪದೇಶ ಸ್ಪಷ್ಟವಾಗಿ ಹೇಳಿದೆ. ಆದರೂ ಎಷ್ಟು ಮನೆಗಳಲ್ಲಿ ಆ ಹೆಸರನ್ನು ಪೂಜೆಯಲ್ಲಿ ಓದಿಸಲು ಇಂದಿಗೂ ಸಂಕೋಚವಿದೆ! ಶೇಕಡಾ ಎಂಬತ್ತು ಕಂಪನಿಯದು ಎಂದು ಷಯಾನ್‌ನ ಜ್ಯೂರಿ ಹೇಳಿದಾಗ ಆ ಅಳಿಯನಿಗೆ ಸಿಕ್ಕಿದ್ದು ಹಣವಷ್ಟೇ ಅಲ್ಲ. ತನ್ನ ಮಾವನ ಹೆಸರಿನ ಬಹುಪಾಲು ಅವನಿಗೆ ಮರಳಿ ಸಿಕ್ಕಿತು.

ಇನ್ನು ನಮ್ಮ ದೇಶದ ಕುರಿತು ಎರಡು ಮಾತು. 1995ರಲ್ಲಿ ಸುಪ್ರೀಂ ಕೋರ್ಟ್, ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾಯಿದೆಗೆ ಒಳಪಟ್ಟದ್ದೆಂದು ತೀರ್ಪಿತ್ತಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, 2020ರ ಜುಲೈನಿಂದ, ಸರಿಯಾದ ಎಚ್ಚರಿಕೆ ನೀಡದ ತಯಾರಕನನ್ನೂ ಹೊಣೆ ಮಾಡಲು ದಾರಿ ತೆರೆದಿದೆ. ದೂರು ಕೊಡಲು ಎರಡು ವರ್ಷಗಳ ಗಡುವು. ಆದರೆ ಅದೇ ಕಾಯಿದೆಯಲ್ಲಿ ಒಂದು ವಿನಾಯಿತಿಯೂ ಇದೆ: ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕಾದ ವಸ್ತುವಾಗಿದ್ದು, ಆ ತಜ್ಞರಿಗೆ ಎಚ್ಚರಿಕೆ ತಲುಪಿಸಲು ತಯಾರಕನು ತಕ್ಕ ಕ್ರಮ ಕೈಗೊಂಡಿದ್ದರೆ, ಎಚ್ಚರಿಕೆ ಸಾಲದೆಂಬ ಕಾರಣಕ್ಕೆ ಅವನು ಹೊಣೆಯಲ್ಲ. ವೈದ್ಯರ ಚೀಟಿಯ ಮೇಲೆ ಕೊಡುವ ಔಷಧ ಈ ವಿನಾಯಿತಿಗೆ ಸರಿಯಾಗಿ ಹೊಂದುತ್ತದೆ. ಔಷಧದ ಡಬ್ಬಿಯೊಳಗಿನ ಮಡಿಚಿದ ಕಾಗದವನ್ನು ಎಂದಾದರೂ ಬಿಡಿಸಿ ನೋಡಿದ್ದರೆ, ಇದು ನೋಂದಾಯಿತ ವೈದ್ಯರ, ಆಸ್ಪತ್ರೆಯ ಅಥವಾ ಪ್ರಯೋಗಾಲಯದ ಬಳಕೆಗೆ ಮಾತ್ರ ಎಂಬರ್ಥದ ಇಂಗ್ಲಿಷ್ ಸಾಲನ್ನು ನೀವು ಕಂಡಿರಬಹುದು. ನಮ್ಮಲ್ಲಿ ಅಂಗಡಿಯವನು ಪಟ್ಟಿಯಿಂದ ಹತ್ತೋ ಹದಿನೈದೋ ಮಾತ್ರೆ ಕತ್ತರಿಸಿ ಕೊಡುತ್ತಾನೆ, ಆ ಕಾಗದವೂ ಮನೆಗೆ ಬರುವುದಿಲ್ಲ. ಎಚ್ಚರಿಕೆ ವೈದ್ಯರವರೆಗೆ ಬಂದು ನಿಲ್ಲುತ್ತದೆ; ಹೊರಗೆ ಸಾಲಿನಲ್ಲಿ ಐವತ್ತು ಮಂದಿ ಕಾಯುತ್ತಿರುವ ವೈದ್ಯರು ಅದನ್ನು ಹೇಳಲು ಮರೆತರೆ, ರಾತ್ರಿ ಎರಡು ಗಂಟೆಗೆ ಹಜಾರದಲ್ಲಿ ಅತ್ತಿಂದಿತ್ತ ನಡೆಯುತ್ತಿರುವ ಮಗನನ್ನು ನೋಡುವ ತಾಯಿಗೆ ಏನೂ ತಿಳಿಯದು.

ಆದ್ದರಿಂದ ಹೊಸ ಮಾತ್ರೆ ಬರೆದಾಗ ಕೇಳಿ: ಮೊದಲ ವಾರಗಳಲ್ಲಿ ನಾವು ಏನನ್ನು ಗಮನಿಸಬೇಕು, ತಳಮಳ ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು? ಹಿಂದೆ ಯಾವ ಮಾತ್ರೆ ಒಗ್ಗಲಿಲ್ಲವೋ ಅದರ ಹೆಸರನ್ನು ಬರೆದಿಟ್ಟು ತೋರಿಸಿ. ಸಾಯುವ ಮಾತು ಬಾಯಿಗೆ ಬಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಹಗಲಿರುಳೂ ಉತ್ತರಿಸುತ್ತದೆ. ಔಷಧದ ದುಷ್ಪರಿಣಾಮವನ್ನು ರೋಗಿಯ ಮನೆಯವರೂ ವರದಿ ಮಾಡಬಹುದು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಸಂಖ್ಯೆ 1800-180-3024. ಇಂಥ ವರದಿಗಳು ಸೇರಿಯೇ ಒಡೆಯನಿಗೆ ತಿಳಿದಿತ್ತೆಂಬ ಸಾಕ್ಷ್ಯವಾಗುವುದು.

ಸಾವಿನ ಮನೆಯಲ್ಲಿ ಮೂರನೆಯ ದಿನವೋ ಏಳನೆಯ ದಿನವೋ ಸತ್ತವನ ಹಾಸಿಗೆ ಬಟ್ಟೆಗಳನ್ನು ಹೊರಹಾಕುವಾಗ, ಮೇಜಿನ ಮೇಲಿದ್ದ ಔಷಧಗಳನ್ನೂ ಕಣ್ಣಿಗೆ ಕಾಣಬಾರದೆಂದು ಎಸೆದುಬಿಡುತ್ತೇವೆ. ಅರ್ಧ ಖಾಲಿಯಾದ ಆ ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ತಯಾರಕನ ಹೆಸರು, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ಅಚ್ಚಾಗಿರುತ್ತವೆ. ಎಷ್ಟು ದಿನ ನುಂಗಿದನೆಂಬುದನ್ನು ಖಾಲಿ ಗುಳಿಗಳು ಹೇಳುತ್ತವೆ. ವೈದ್ಯರ ಚೀಟಿ, ಅಂಗಡಿಯ ರಸೀದಿ, ಆ ಪಟ್ಟಿ, ಮೂರನ್ನೂ ಒಂದು ಲಕೋಟೆಯಲ್ಲಿ ಹಾಕಿ ದಿನಾಂಕ ಬರೆದು ಕಪಾಟಿನಲ್ಲಿಡಿ. ದಾವೆ ಹೂಡುವುದೋ ಬೇಡವೋ ಎಂಬುದನ್ನು, ಕಣ್ಣೀರು ಸ್ವಲ್ಪ ಆರಿದ ಮೇಲೆ, ಆ ಎರಡು ವರ್ಷಗಳೊಳಗೆ ನಿರ್ಧರಿಸಬಹುದು.